ತಗಡಿನೊಳಗಿನ ನಮ್ಮವರು

ಮೊನ್ನೆ ಚಾದರ ತೆಗೆಯಲೆಂದು ಬೀರು ತೆರೆದೆ, ಕನರಿದ ತೆಂಗಿನೆಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕರಾವಳಿಯಲ್ಲಿ ಹುಟ್ಟಿದವಳಿಗೆ ತೆಂಗಿನೆಣ್ಣೆ ಹೊಸತೇನಲ್ಲ. ಆದರೆ ಈ ವಾಸನೆಯೊಳಗೆ ಕಬ್ಬಿಣವೂ ಇತ್ತು. ಹಿಂದೆ ಕೈಹಾಕಿ ತಡಕಿದರೆ ನಮ್ಮವರ ಹಳೆಯ ಬನಿಯನ್ನಿನ ತುಂಡೊಂದು ಸಿಕ್ಕಿತು, ತುಕ್ಕು ಒರೆಸಿ ಒರೆಸಿ ಕಂದುಬಣ್ಣಕ್ಕೆ ತಿರುಗಿದ್ದು. ಅದನ್ನು ಬಿಸಾಡಬೇಕೆಂದು ಅಡುಗೆಮನೆಯವರೆಗೆ ಹೋದವಳು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಿಮಗೂ ಹೀಗೆ ಆಗುವುದುಂಟಲ್ಲ, ಒಂದು ಚಿಂದಿ ಬಟ್ಟೆ ಕೈಗೆ ಸಿಕ್ಕಿ ಅರ್ಧ ದಿನ ಕೈಬಿಟ್ಟು ಹೋಗುವುದು.

ನಮ್ಮವರ ಹೆಸರು ಲಿಗೋರಿ. ಅಬುಧಾಬಿಯ ಒಂದು ಏಸಿ ಕಂಪೆನಿಯಲ್ಲಿ ಗಾಳಿ ಹೋಗುವ ತಗಡಿನ ಕೊಳವೆಗಳ ನಕ್ಷೆ ಬರೆಯುವುದು ಅವರ ಕೆಲಸ. ನಾನು ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂರುತ್ತೇನೆ. ಮನೆ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ. ಆ ಜಾಗಕ್ಕೆ ಸರ್ಕಾರದವರು ಹೊಸ ಹೆಸರಿಟ್ಟು ಎಷ್ಟೋ ಕಾಲವಾಯಿತು, ನಮ್ಮ ಬಾಯಿಗೆ ಅದಿನ್ನೂ ಹತ್ತಿಲ್ಲ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ಕೊಂಕಣಿಯಲ್ಲಿ ನಾನು ಅವರನ್ನು ಏಕವಚನದಲ್ಲೇ ಕರೆಯುವುದು, ಬಯ್ಯುವುದೂ ಅದರಲ್ಲೇ. ಕನ್ನಡದಲ್ಲಿ ಬರೆಯಲು ಕೂತರೆ ಮಾತ್ರ ಎಲ್ಲಿಂದಲೋ ಬಹುವಚನ ಬಂದು ಸೇರಿಕೊಳ್ಳುತ್ತದೆ. ಇರಲಿ, ಅವರಿಗೂ ಸ್ವಲ್ಪ ಮರ್ಯಾದೆ ಸಿಗಲಿ.

ಅವರದು ಎಂಥ ಸ್ವಭಾವ ಎಂದು ಮೊದಲೇ ಹೇಳಿಬಿಡುತ್ತೇನೆ. ಟ್ಯಾಕ್ಸಿಯವನು ದಾರಿ ತಪ್ಪಿದರೆ ಇವರೇ ‘ಸಾರಿ’ ಹೇಳುತ್ತಾರೆ. ಹೋಟೆಲಿನಲ್ಲಿ ಕೇಳಿದ್ದು ಬಿಟ್ಟು ಬೇರೇನೋ ತಂದಿಟ್ಟರೆ ಅದನ್ನೇ ತಿಂದು, ಚೆನ್ನಾಗಿತ್ತು ಎಂದು ಹೇಳಿ ಎದ್ದು ಬರುತ್ತಾರೆ. ಮಗಳು ಚಿಕ್ಕವಳಿದ್ದಾಗ ಅವಳನ್ನು ಗದರಿಸುವ ಪಾಳಿ ಪೂರ್ತಿ ನನ್ನದೇ ಆಗಿತ್ತು.

ಇಂಥವರ ಹೆಸರಿಗೆ ಕೆಲವು ವರ್ಷಗಳ ಹಿಂದೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಒಳಗೊಂದು ಕಬ್ಬಿಣದ ಕೈಗವಸು. ಒಂದೇ, ಬಲಗೈಯದು. ಬೆರಳುಗಳ ಮೇಲೆ ಮೀನಿನ ಹುರುಪೆಯಂತೆ ತಗಡಿನ ಚೂರುಗಳು. ಅಡುಗೆಗೆ ಒಲೆಯ ಮುಂದೆ ಹಾಕಿಕೊಳ್ಳುವುದಿರಬಹುದೇ ಎಂದು ನಾನು ತಿರುಗಿಸಿ ತಿರುಗಿಸಿ ನೋಡಿದೆ.

“ಇದು ಎಂತದು?”

“ಅದು… ಆಟದ್ದು,” ಅಂದರು. “ಎಡಗೈದು ಮುಂದಿನ ತಿಂಗಳು ಬರ್ತದೆ.”

ಆಟ ಎಂದರೆ ಇದು. ಯುರೋಪಿನಲ್ಲಿ ಹಿಂದಿನ ಕಾಲದ ಸೈನಿಕರು ತಲೆಯಿಂದ ಕಾಲಿನವರೆಗೆ ಉಕ್ಕು ತೊಟ್ಟು ಹೊಡೆದಾಡುತ್ತಿದ್ದರಲ್ಲ, ಹಾಗೆಯೇ ತೊಟ್ಟು, ಹರಿತವಿಲ್ಲದ ಕತ್ತಿ ಹಿಡಿದು, ನಿಜವಾಗಿಯೂ ಹೊಡೆದಾಡುವುದು. ನಾಟಕವಲ್ಲ. ನೆಲಕ್ಕೆ ಬಿದ್ದವನು ಆ ಸುತ್ತಿನ ಮಟ್ಟಿಗೆ ಖಲಾಸ್. ದುಬೈಯಲ್ಲಿ ಅದಕ್ಕೊಂದು ಕೂಟವಿದೆಯಂತೆ, ಅಲ್ ಬರ್ಷಾ ದಾಟಿ ಗೋದಾಮುಗಳ ಸಾಲಿನಲ್ಲಿ ಒಂದು ದೊಡ್ಡ ಶೆಡ್ಡಿನಲ್ಲಿ. ಇವರ ಆಫೀಸಿನ ಸೂಪರ್‌ವೈಸರ್ ಇಮ್ತಿಯಾಜ್, ಉಳ್ಳಾಲದ ಬ್ಯಾರಿ ಹುಡುಗ, ಒಂದು ಶನಿವಾರ ಸುಮ್ಮನೆ ನೋಡಲಿಕ್ಕೆಂದು ಇವರನ್ನು ಕರೆದುಕೊಂಡು ಹೋಗಿದ್ದ. ನೋಡಿ ಬಂದವರು ಉಕ್ಕು ಕೊಳ್ಳಲು ಶುರುಮಾಡಿದ್ದರು.

ನನಗೆ ಏನೂ ಅರ್ಥವಾಗಲಿಲ್ಲ. ಆಫೀಸಿನಲ್ಲಿ ಏನಾದರೂ ಆಗಿದೆಯಾ ಎಂದು ಕೇಳಿದೆ. ಇಲ್ಲವಂತೆ. ಯಾರ ಮೇಲಾದರೂ ಸಿಟ್ಟುಂಟಾ? ಇಲ್ಲ. ನನ್ನ ಮೇಲೆ? “ಛೇ, ಎಂತ ಮಾರಾಯ್ತಿ!” ಮಂಗಳೂರಿನಲ್ಲಿ ಓದುತ್ತಿದ್ದ ಮಗಳಿಗೆ ವೀಡಿಯೋ ಕಾಲ್ ಮಾಡಿ ಗೋಳು ತೋಡಿಕೊಂಡರೆ ಅವಳು ಇಂಗ್ಲಿಷಿನಲ್ಲಿ, ಪಪ್ಪನಿಗೂ ಒಂದು ಹವ್ಯಾಸ ಬೇಡವೇ ಮಮ್ಮಿ, ಎಂದು ನನಗೇ ಬುದ್ಧಿ ಹೇಳಿದಳು. ಹವ್ಯಾಸ ಬೇಡವೆಂದು ಯಾರು ಹೇಳಿದರು? ಗಿಡ ಬೆಳೆಸಲಿ, ಚರ್ಚಿನ ಕಾಯರಿನಲ್ಲಿ ಹಾಡಲಿ. ಹಣೆಗೆ ಸೊಳ್ಳೆ ಕಚ್ಚಿದರೂ ಹೊಡೆಯಲು ಹಿಂದೆಮುಂದೆ ನೋಡುವ ಮನುಷ್ಯ, ಕತ್ತಿಯಲ್ಲಿ ಯಾರಿಗೆ ಹೊಡೆಯುತ್ತಾರೆ?

ಎಲ್ಲವನ್ನೂ ಕೊಂಡರೆ ದುಬಾರಿಯೆಂದು ಕೆಲವನ್ನು ಸ್ವತಃ ಮಾಡುವ ಹುಚ್ಚೂ ಹಿಡಿಯಿತು. ದಿನವಿಡೀ ತಗಡನ್ನು ಹೇಗೆ ಕತ್ತರಿಸಬೇಕು, ಎಲ್ಲಿ ಮಡಚಬೇಕು ಎಂದು ನಕ್ಷೆ ಬರೆಯುವವರಿಗೆ ಮೊಣಕೈಯ ಚಿಪ್ಪು ಯಾವ ಲೆಕ್ಕ? ಮೊದಲು ಕಾಗದದಲ್ಲಿ ಬರೆದರು. ಆಮೇಲೆ ರಟ್ಟಿನಲ್ಲಿ ಕತ್ತರಿಸಿ ತೋಳಿಗೆ ಕಟ್ಟಿಕೊಂಡು, ಕೈ ಮಡಚಿ ಚಾಚಿ ಮನೆ ತುಂಬ ಓಡಾಡಿದರು. ಕೊನೆಗೆ ಕಂಪೆನಿಯ ವರ್ಕ್‌ಶಾಪಿನಲ್ಲಿ ಕೇಳಿ, ಏಸಿ ಕೊಳವೆಯ ತಗಡಿನಲ್ಲೇ ಒಂದು ಜೊತೆ ಮಾಡಿಸಿಕೊಂಡು ಬಂದರು. ಫಳಫಳ ಹೊಳೆಯುತ್ತಿತ್ತು. ನಾನೂ, ಹೇಳಬಾರದು, ಸ್ವಲ್ಪ ಹೆಮ್ಮೆಪಟ್ಟೆ. ಅಭ್ಯಾಸಕ್ಕೆ ಹೋದ ಮೊದಲ ದಿನವೇ ಯಾರೋ ಕೊಟ್ಟ ಒಂದು ಏಟಿಗೆ ಅದು ನೀರ್‌ದೋಸೆಯಂತೆ ಮಡಚಿಕೊಂಡಿತು. ಏಸಿಯ ತಂಪು ಗಾಳಿಗೆಂದು ಹುಟ್ಟಿದ ತಗಡು ಪಾಪ, ಅದಕ್ಕೇನು ಗೊತ್ತು. ಆಮೇಲೆ ದಪ್ಪ ಉಕ್ಕು ತರಿಸಿ, ಅದೇ ವರ್ಕ್‌ಶಾಪಿನ ಮೂಲೆಯಲ್ಲಿ ಶುಕ್ರವಾರ ಶುಕ್ರವಾರ ಸುತ್ತಿಗೆ ಹಿಡಿದು ತಟ್ಟುತ್ತಾ ಕೂತರು. ಕೈಯೆಲ್ಲ ಬೊಬ್ಬೆ.

ಆ ಉಕ್ಕಿನ ಒಳಗೆ ಮೈಗೆ ಒಂದು ದಪ್ಪ ಕೋಟು ಬೇಕು. ಇಲ್ಲದಿದ್ದರೆ ಏಟು ಉಕ್ಕಿಗೆ ಬಿದ್ದರೂ ಮುರಿಯುವುದು ಪಕ್ಕೆಲುಬು. ಮದುವೆಗೆ ಮೊದಲು ನಾನು ಹೊಲಿಗೆ ಕಲಿತಿದ್ದೆ, ಮೆಶೀನು ಮನೆಯಲ್ಲೇ ಇತ್ತು. ಇವರು ನೇರವಾಗಿ ಕೇಳಲಿಲ್ಲ. ಕೋಟಿನ ಚಿತ್ರವೊಂದನ್ನು ತಂದು ಮೆಶೀನಿನ ಮೇಲಿಟ್ಟು ಸ್ನಾನಕ್ಕೆ ಹೋದರು. ನಾನು ಎರಡು ದಿನ ಆ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ, ಹೇಗೂ ಹೊಡೆಸಿಕೊಳ್ಳುವವರು ಹೊಡೆಸಿಕೊಂಡೇ ಹೊಡೆಸಿಕೊಳ್ಳುತ್ತಾರೆ, ಪಕ್ಕೆಲುಬಾದರೂ ಉಳಿಯಲಿ ಎಂದುಕೊಂಡು ಟೇಪು ತೆಗೆದೆ.

ಊರಿಗೆ ಒಯ್ಯಲೆಂದು ಕೊಂಡಿಟ್ಟಿದ್ದ ಗುಲಾಬಿ ಹೂವಿನ ಗಲ್ಫ್ ಕಂಬಳಿಯೊಂದು ಜಿಪ್ಪಿನ ಚೀಲದಲ್ಲಿ ಹಾಗೇ ಕುಳಿತಿತ್ತು. ಅದನ್ನೇ ಕತ್ತರಿಸಿ, ಎರಡು ಬಟ್ಟೆಗಳ ನಡುವೆ ಇಟ್ಟು, ಉದ್ದುದ್ದ ಗೆರೆಯಾಗಿ ಹೊಲಿದೆ. ಸೂಜಿಗಳು ಒಂದರ ಹಿಂದೊಂದು ಮುರಿದವು. ತೊಟ್ಟು ಹೋದವರು ಮಧ್ಯಾಹ್ನ ಕುಕ್ಕರಿನಲ್ಲಿ ಬೆಂದ ಆಲೂಗಡ್ಡೆಯಂತೆ ಮರಳಿದರು. ಬೆವರಿಳಿಯುತ್ತಿದ್ದರೂ “ಫಿಟ್ಟಿಂಗ್ ಫಸ್ಟ್‌ಕ್ಲಾಸ್” ಅಂದರು. ಕಂಬಳಿ ಬಿಚ್ಚಿ ತೆಗೆದು, ಹಳೆಯ ಹತ್ತಿಯ ಚಾದರಗಳನ್ನು ಪದರಪದರವಾಗಿ ಹಾಕಿ ಮತ್ತೆ ಹೊಲಿದೆ. ಏಕೆ ಹೊಲಿದೆ ಎಂದು ನನ್ನನ್ನು ಕೇಳಬೇಡಿ. ಬೇಡವೆಂದು ಬಯ್ಯುತ್ತಲೇ ತೋಳಿನ ಹೊಲಿಗೆ ಸರಿಬರಲಿಲ್ಲವೆಂದು ಬಿಚ್ಚಿ ಬಿಚ್ಚಿ ಹಾಕುತ್ತಿದ್ದೆ.

ಹೀಗೆ ಮನೆಯೊಳಗೆ ಒಬ್ಬ ಮೂರನೆಯ ಮನುಷ್ಯ ತುಂಡುತುಂಡಾಗಿ ಬಂದು ಸೇರಿದ. ಮಂಚದ ಕೆಳಗೆ ಕಾಲು, ಬೀರುವಿನೊಳಗೆ ಎದೆ, ಫ್ರಿಜ್ಜಿನ ಮೇಲೆ ತಲೆ. ಬೇಸಿಗೆಯ ಸೆಕೆಗೆ ಇಲ್ಲಿ ಕಬ್ಬಿಣ ನೋಡನೋಡುತ್ತಾ ತುಕ್ಕು ಹಿಡಿಯುತ್ತದೆ. ಮೆಶೀನಿನೆಣ್ಣೆ ನನಗೆ ತಲೆನೋವು ತರುತ್ತದೆಂದು ಇವರು ತೆಂಗಿನೆಣ್ಣೆಯಲ್ಲೇ ಅವನನ್ನು ಒರೆಸುತ್ತಿದ್ದರು, ಬಾಣಂತಿ ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿದ ಹಾಗೆ.

ಇಷ್ಟರವರೆಗೆ ಸಹಿಸಿದೆ. ಒಂದು ದಿನ ಸೊಂಟ ನೋವೆಂದು ನನ್ನ ಕ್ಲಿನಿಕ್ಕಿಗೇ ಬಂದರು. ಒಳಗೆ ಅಂಗಿ ಬಿಚ್ಚಿಸಿ ಬೆನ್ನು, ತೋಳಿನ ಮೇಲೆ ನೀಲಿಗಟ್ಟಿದ ಏಟಿನ ಗುರುತುಗಳನ್ನು ನೋಡಿದ ಡಾಕ್ಟರಮ್ಮ ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು. ಮಲಯಾಳಿ ಹೆಂಗಸು, ಬಹಳ ಒಳ್ಳೆಯವರು. ಇಂಗ್ಲಿಷಿನಲ್ಲಿ ಮೆತ್ತಗೆ, “ಮನೆಯಲ್ಲಿ ಎಲ್ಲ ಸರಿ ಇದೆಯಾ?” ಎಂದು ಕೇಳಿದರು. ಇದೆ ಎಂದೆ. “ನಿಮಗೆ ಸಿಟ್ಟು ಬೇಗ ಬರುತ್ತದಾ?” ಎಂದು ಕೇಳಿದರು. ಅವರು ಏನು ಕೇಳುತ್ತಿದ್ದಾರೆಂದು ನನ್ನ ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ಹೋದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕತ್ತಿ, ಕವಚ ಎಂದೆಲ್ಲ ವಿವರಿಸತೊಡಗಿದೆ. ವಿವರಿಸಿದಷ್ಟೂ ಅವರ ಮುಖದಲ್ಲಿ ಅನುಮಾನ ಹೆಚ್ಚುತ್ತಾ ಹೋಯಿತು.

ಮನೆಗೆ ಬಂದು ಹೇಳಿದೆ: “ಇನ್ನು ಸಾಕು. ಇಲ್ಲಿ ಆ ಕಬ್ಬಿಣ ಇರಬೇಕು, ಇಲ್ಲ ನಾನು ಇರಬೇಕು.”

ಅವರು ವಾದಿಸಲಿಲ್ಲ. ಎಂದಾದರೂ ವಾದಿಸಿದ್ದುಂಟೇ? ಕಬ್ಬಿಣದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಮೇಲೆ, “ಬರುವ ಶನಿವಾರ ಪಂದ್ಯ ಉಂಟು. ಒಮ್ಮೆ ಬಂದು ನೋಡು. ನೋಡಿದ ಮೇಲೂ ಬೇಡ ಅಂದ್ರೆ ಬಿಟ್ಟೆ. ದೇವರಾಣೆ,” ಎಂದರು. ಅಷ್ಟೊಂದು ಆಸೆ ಅವರ ದನಿಯಲ್ಲಿ ನಾನು ಕೇಳಿರಲಿಲ್ಲ. ಸರಿ ಎಂದೆ. ಮನಸ್ಸಿನಲ್ಲಿ ‘ಬೇಡ’ ಎಂಬ ಮಾತು ಆಗಲೇ ಸಿದ್ಧವಾಗಿತ್ತು.

ಶನಿವಾರ ದುಬೈಗೆ ಹೊರಟೆವು. ಶೆಡ್ಡಿನೊಳಗೆ ಮರದ ಬೇಲಿ ಹಾಕಿದ ಅಂಗಳ, ಸುತ್ತ ಪ್ಲಾಸ್ಟಿಕ್ ಕುರ್ಚಿಗಳು. ಒಳಗೆ ಹೋಗುವ ಮೊದಲು ಇವರು, “ಉಕ್ಕಿನ ಮೇಲೆ ಹಳದಿ ಬಟ್ಟೆ ಹಾಕಿದವರು ನಮ್ಮ ಕಡೆ. ಅದರಲ್ಲಿ ಗಿಡ್ಡ ಇರುವುದು ನಾನು,” ಎಂದು ಹೇಳಿ ಹೋದರು. ಎದುರು ಕಡೆಯವರದು ಹಸಿರು. ಮುಖ ಮುಚ್ಚಿದ ಮೇಲೆ ಎಲ್ಲರೂ ಒಂದೇ. ನಾನು ಹಳದಿ ಗಿಡ್ಡನನ್ನು ಗುರುತಿಟ್ಟುಕೊಂಡು, ಜಪಸರ ಬಿಗಿಯಾಗಿ ಹಿಡಿದು ಕುಳಿತೆ.

ಆ ಸದ್ದನ್ನು ಹೇಗೆ ಹೇಳಲಿ? ಪಾತ್ರೆ ಅಂಗಡಿಯ ಕಪಾಟು ಬೀಳುತ್ತಲೇ ಇದ್ದರೆ ಹೇಗಿರುತ್ತದೋ ಹಾಗೆ. ಮೊದಲು ಕಣ್ಣು ಮುಚ್ಚಿಕೊಂಡೆ. ಬೆರಳ ಸಂದಿಯಲ್ಲಿ ನೋಡಿದರೆ ಹಸಿರಿನವನೊಬ್ಬ ಹಳದಿ ಗಿಡ್ಡನನ್ನು ಬೇಲಿಗೆ ಒತ್ತಿ ಹಿಡಿದಿದ್ದ. ನನ್ನ ಗಂಡನನ್ನು! ಎದ್ದು ನಿಂತದ್ದು ನೆನಪಿಲ್ಲ. “ಮಾರ್ ರೇ! ಮಾರ್ ತಾಕಾ!” ಎಂದು ಕೊಂಕಣಿಯಲ್ಲಿ ಕಿರುಚುತ್ತಿದ್ದದ್ದು ನೆನಪಿದೆ. ಹೊಡಿ, ಹೊಡಿ ಅವನಿಗೆ! ಹಳದಿ ಗಿಡ್ಡ ತಿರುಗಿ ನಿಂತ. ಹಸಿರಿನವನ ಹೆಗಲಿಗೊಂದು, ಪಕ್ಕೆಗೊಂದು, ಮತ್ತೊಂದು. ಒಂದೊಂದು ಏಟಿಗೂ ನನ್ನ ಮೈಯಲ್ಲಿ ಏನೋ ಏರುತ್ತಿತ್ತು. ಬಿಡಬೇಡ, ಕಾಲಿಗೆ ಕೊಡು, ಬೀಳಿಸು! ಜಪಸರ ಎಲ್ಲಿ ಹೋಯಿತೋ. ಹಸಿರಿನವನು ದಬಕ್ಕನೆ ಬಿದ್ದಾಗ ನಾನು ಚಪ್ಪಾಳೆ ತಟ್ಟಿ ಕುಣಿದೆ. ಕುಣಿದೆ ಎಂದರೆ ನಿಜವಾಗಿ ಕುಣಿದೆ.

ಆಟ ಮುಗಿದು ಹಳದಿ ಗಿಡ್ಡ ತಲೆಯ ಕಬ್ಬಿಣ ತೆಗೆದ. ಇಮ್ತಿಯಾಜ್.

ಬಿದ್ದವನನ್ನು ಇಬ್ಬರು ಎತ್ತಿ ಕೂರಿಸಿ ಮುಖ ಬಿಚ್ಚಿಸಿದರು. ಕೆಂಪಾಗಿ, ಬೆವರಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದವರು ನಮ್ಮವರು.

ಆದದ್ದು ಇಷ್ಟೆ. ಹಸಿರು ಕಡೆಯ ಒಬ್ಬ ಬಂದಿರಲಿಲ್ಲ, ಲೆಕ್ಕ ಸರಿಮಾಡಲು ಇವರನ್ನು ಆ ಕಡೆಗೆ ಹಾಕಿದ್ದರು. ಇವರೂ ಎಂದಿನಂತೆ ಬೇಡ ಎನ್ನಲಿಲ್ಲ. ನನಗೆ ತಿಳಿಸಲು ಆಗ ಕೈಯಲ್ಲಿ ಫೋನು ಎಲ್ಲಿತ್ತು? ಇಮ್ತಿಯಾಜ್ ನಗುತ್ತಾ ನನ್ನ ಬಳಿ ಬಂದು, “ಅಕ್ಕಾ, ನೀವು ಹಾಗೆ ಬೊಬ್ಬೆ ಹೊಡೆಯದಿದ್ರೆ ಲಿಗೋರಿಯಣ್ಣನನ್ನು ಬೀಳಿಸ್ಲಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ” ಅಂದ. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

ಅಬುಧಾಬಿಗೆ ಮರಳುವ ದಾರಿಯಲ್ಲಿ ಕಾರು ನಾನೇ ಓಡಿಸಿದೆ, ಇವರಿಗೆ ಭುಜ ಎತ್ತಲಾಗುತ್ತಿರಲಿಲ್ಲ.

“ನೀನು ಕೂಗಿದ್ದು ಕೇಳಿತು,” ಎಂದರು ಅರ್ಧ ದಾರಿಯಲ್ಲಿ.

“ಯಾವಾಗ?”

“ಅವನು ನನಗೆ ಹೊಡೀತಿದ್ದಾಗ.”

“ನೀವೆಂದು ನನಗೆ ಗೊತ್ತಿರಲಿಲ್ಲ.”

“ಗೊತ್ತುಂಟು.” ಸೀಟ್‌ಬೆಲ್ಟನ್ನು ನೋಯುವ ಭುಜದಿಂದ ಸರಿಸಿಕೊಂಡರು. “ಮದುವೆಯಾಗಿ ಇಷ್ಟು ವರ್ಷ ಆಯ್ತು, ನೀನು ಅಷ್ಟು ಖುಷಿಯಲ್ಲಿ ಕೂಗಿದ್ದು ನಾನು ಕೇಳಿರಲೇ ಇಲ್ಲ. ಬಿದ್ದಲ್ಲಿಂದ ಏಳುವ ಮನಸ್ಸೇ ಆಗಲಿಲ್ಲ. ಇನ್ನೂ ಸ್ವಲ್ಪ ಕೇಳುವ ಅನಿಸಿತು.”

ನನ್ನ ಕಣ್ಣಿಗೆ ರಸ್ತೆ ಮಂಜಾಯಿತು. ನಾಚಿಕೆಯೋ, ಪಾಪವೋ, ಅಥವಾ ಎದೆಯಲ್ಲಿ ಇನ್ನೂ ಇಳಿಯದೆ ಉಳಿದಿದ್ದ ಆ ಖುಷಿಯೋ, ಇಂದಿಗೂ ಹೇಳಲಾರೆ. ಅಷ್ಟು ದಿನ ನಾನು ಹೊಡೆಯುವ ಮನುಷ್ಯನೊಬ್ಬನನ್ನು ಅವರೊಳಗೆ ಹುಡುಕಿದ್ದೆ. ಟೇಪು ಹಿಡಿದು ಎದೆ, ತೋಳು, ಸೊಂಟ ಎಲ್ಲ ಅಳೆದಿದ್ದೆ. ನನ್ನ ಗಂಟಲಿನಲ್ಲಿ ಅಂಥದೊಂದು ಕೂಗು ಇತ್ತೆಂದು ಮಾತ್ರ ನನಗೇ ತಿಳಿದಿರಲಿಲ್ಲ.

“ಈಗ ಹೇಳು,” ಎಂದರು. “ಆಟ ಬೇಕಾ, ಬೇಡವಾ?”

‘ಬೇಡ’ ಎಂಬ ಮಾತನ್ನು ಹುಡುಕಿದೆ. ಸಿಗಲಿಲ್ಲ. “ಕಂಕುಳ ಕೆಳಗೆ ಕೋಟು ಬಿಗಿಯಾಗ್ತಾ ಉಂಟು,” ಎಂದೆ. “ನಾಳೆ ಬಿಚ್ಚಿ ಕೊಡಿ, ಸಡಿಲ ಮಾಡ್ತೇನೆ.”

ಆಮೇಲೆ ಇಮ್ತಿಯಾಜನಿಗೂ ಒಂದು ಕೋಟು ಹೊಲಿದೆ. ಅವನ ಗೆಳೆಯರಿಗೂ. ಈಗ ಇವರು ವಯಸ್ಸಾಯಿತೆಂದು ಹೊಡೆದಾಟ ಕಡಿಮೆಮಾಡಿ ಹೊಸಬರಿಗೆ ಕವಚದ ಪಟ್ಟಿ ಬಿಗಿಯುವುದು, ತಗಡು ತಟ್ಟುವುದು ಹೆಚ್ಚುಮಾಡಿದ್ದಾರೆ. ನಾನು ಆ ಸ್ಟೂಲಿನ ಮೇಲೆ ಕುಳಿತು ಇದನ್ನೆಲ್ಲ ಯೋಚಿಸುತ್ತಿದ್ದೆನಲ್ಲ, ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಅವರಿಗೆ, ಶನಿವಾರ ಹೆಂಗಸರಿಗೆ ಕಲಿಸುವ ತರಗತಿಗೆ ನಾನೂ ಬರುತ್ತೇನೆ ಎಂದೆ. ನೋಡಲಿಕ್ಕಾ ಎಂದು ಕೇಳಿದರು. ಅಲ್ಲ ಎಂದೆ. ಅವರು ತಿಂಡಿ ಅರ್ಧಕ್ಕೆ ಬಿಟ್ಟೆದ್ದು, ಟೇಪು ತಂದು ನನ್ನ ತಲೆಯ ಸುತ್ತಳತೆ ತೆಗೆದರು.

ನಿನ್ನೆ ಹೋಗಿದ್ದೆ. ಹೊಸಬರಿಗೆ ಮೆತ್ತನೆಯ ಕತ್ತಿ, ತಲೆಗೆ ಮಾತ್ರ ನಿಜವಾದ ಉಕ್ಕು. ಅದು ತಲೆಯ ಮೇಲೆ ಕೂತದ್ದೇ ಹೊರಗಿನ ಸದ್ದೆಲ್ಲ ದೂರವಾಗಿ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳತೊಡಗಿತು. ಕಣ್ಣಿನ ಸಣ್ಣ ಕಿಂಡಿಯಲ್ಲಿ ಎದುರಿಗೆ ನನ್ನ ಮಗಳ ಪ್ರಾಯದ ಒಬ್ಬಳು ಹುಡುಗಿ ಕಂಡಳು, ಯಾವ ದೇಶದವಳೋ. ಅವಳು ಕತ್ತಿಯನ್ನು ನನ್ನ ಭುಜಕ್ಕೆ ಮುಟ್ಟಿಸಿದಳೋ ಇಲ್ಲವೋ ಎಂಬಂತೆ ಹೊಡೆದು, ತಕ್ಷಣ, “ಸಾರಿ ಆಂಟಿ” ಅಂದಳು.

“ಸಾರಿ ಎಲ್ಲ ಬೇಡ,” ಎಂದೆ ನಾನು, ನನಗೆ ಬರುವ ಇಂಗ್ಲಿಷಿನಲ್ಲಿ. “ಇನ್ನೊಂದು ಹೊಡಿ. ಜೋರಾಗಿ.”