ತಿರುವಿ ಕಟ್ಟಿದ ಗ್ಯಾಸ್ ಬಂದರು

ನಾಗನೂರಿನ ಮಾಳು ವೆಲ್ಡರ್. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಗೋಕಾಕದಲ್ಲಿ ಐಟಿಐ ಮುಗಿಸಿ, ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಬೆಸುಗೆ ಹಾಕುತ್ತ ಕೈ ಪಳಗಿಸಿಕೊಂಡವನು. ಈಗ ಮೆಕ್ಸಿಕೋ ಕಡಲದಂಡೆಯ ಗ್ಯಾಸ್ ಬಂದರಿನಲ್ಲಿ ಕೆಲಸ. ಗ್ಯಾಸಿನ ಕೊಳವೆ ನಮ್ಮೂರ ಹೊಲದೊಳಗೆ ಹಾಯಬಾರದೆಂದು ರಸ್ತೆ ಮೇಲೆ ಕೂತು ಲಾಠಿ ತಿಂದವರು ನಾವು. ಆ ಗ್ಯಾಸು ಎಲ್ಲಿಂದ ಬರುತ್ತದೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅದನ್ನು ಅವನಿಂದಲೇ ತಿಳಿಯೋಣವೆಂದು, ರಜೆಗೆ ಬಂದಿದ್ದ ಅವನಿಗೆ ಹೆಣ್ಣು ನೋಡಲು ಕೌಜಲಗಿಗೆ ಹೊರಟಾಗ ನಾನೂ ಜೀಪು ಹತ್ತಿದೆ.

ಹೆಣ್ಣಿನ ತಂದೆ ಬೀರಸಿದ್ದಪ್ಪನಿಗೆ ಗಂಡುಮಕ್ಕಳಿಲ್ಲ. ಇರುವುದು ಮಗಳು ಅರ್ಚನಾ, ಒಂದು ದೊಡ್ಡ ಕುರಿಹಿಂಡು. ಮಾಳು ಫೋಟೋದಲ್ಲೇ ಅವಳನ್ನು ಒಪ್ಪಿಬಿಟ್ಟಿದ್ದ. ಅವಳು ಒಪ್ಪುತ್ತಾಳೋ ಇಲ್ಲವೋ ಎಂಬುದೊಂದೇ ದಿಗಿಲು.

"ಏನ್ ಕೆಲಸಪಾ ನಿಂದು?" ಹುಡುಗಿಯ ಸೋದರಮಾವ ಸಿದ್ರಾಯ ಕೇಳಿದ.

"ಗ್ಯಾಸಿನ ಬಂದರು ತಿರುವಿ ಕಟ್ಟಾಕತ್ತೇವ್ರಿ. ಮೊದಲ ಹಡಗಿನ್ಯಾಗ ಗ್ಯಾಸ್ ಬರ್ತಿತ್ತು. ಈಗ ಅಲ್ಲಿಂದನ ಹೊರಗ ಕಳಸೂದು."

"ಪಂಪ್ ಉಲ್ಟಾ ಹಚ್ಚಿದ್ರ ಮುಗೀತಲ್ಲೋ! ಅದಕ್ಕ ನಮ್ಮೂರ ಮೋಟರ್ ರಿಪೇರಿಯಂವ ಸಾಕು. ಅಷ್ಟ ದೂರ ಯಾಕ ಹೋಗಿ?"

ಎಲ್ಲರೂ ನಕ್ಕರು. ಮಾಳು ಬೆವರಿದ. "ಹಂಗಲ್ರಿ ಮಾಮಾ. ಥಂಡ ಮಾಡಿ ಮಾಡಿ, ಹಡಗಿನ್ಯಾಗ ಗ್ಯಾಸ್ ನೀರಿನಂಗ ಇರತೈತಿ. ಇಳಿಸಿದ ಮ್ಯಾಲ ಕಾಸಿದ್ರ ಸಾಕು, ಗಾಳಿಯಾಗಿ ಕೊಳವ್ಯಾಗ ಓಡತೈತಿ. ಕಳಸೂಮುಂದ..." ಎರಡೂ ಕೈಯಿಂದ ಗಾಳಿಯಲ್ಲಿ ಏನನ್ನೋ ಹಿಚುಕಿ ತೋರಿಸಿದ. ಯಾರಿಗೂ ತಿಳಿಯಲಿಲ್ಲ.

"ಬೆಲ್ಲ ನೀರಾಗ ಕರಗಸಾಕ ಏನ್ ಬೇಕು ಮಾಮಾ, ಒಂದ ಚಮಚ," ಬಾಗಿಲಲ್ಲಿ ನಿಂತಿದ್ದ ಅರ್ಚನಾ ಅಂದಳು. "ಕರಗಿದ್ದು ಮತ್ತ ಬೆಲ್ಲ ಆಗಬೇಕಂದ್ರ ಒಲಿ, ಕೊಪ್ಪರಿಗಿ ಎಲ್ಲಾ ಹೂಡಬೇಕಲ್ಲ."

"ಬರೋಬ್ಬರಿ!" ಮಾಳು ಎದ್ದೇ ನಿಂತ. "ಟಾಕಿ, ಹಡಗ ನಿಲ್ಲೂ ಕಟ್ಟಿ, ಎಲ್ಲಾ ಹಳೇವ. ಥಂಡ ಮಾಡೂ ಮಷೀನ್ ಅಷ್ಟೂ ಹೊಸಾದು."

"ಮೊದಲ ಯಾಕ ತರಸ್ತಿದ್ರು ಮತ್ತ?" ಅವಳೇ ಕೇಳಿದಳು.

"ಬಾಜೂ ದೇಶದಾಗ ಗ್ಯಾಸ್ ಮುಗೀತೈತಿ ಅಂದಕೊಂಡಿದ್ರು. ಆಮ್ಯಾಲ ಆ ದೇಶದವರ ನೆಲ ಒಡದು ಬೇಕಾದಷ್ಟ ತಗದ್ರು."

"ನಾಳೆ ಅದೂ ಮುಗದ್ರ?"

"ಮತ್ತ ತಿರುವ್ಯಾರು."

ಕೋಟಿಗಟ್ಟಲೆ ಸುರಿಯುವವರ ಅಂದಾಜು ಇಷ್ಟೇ. ಕೊಳವೆ ಬೇಡವೆಂದದ್ದಕ್ಕೆ ತಿಳಿಗೇಡಿಗಳೆಂದು ಬೈಸಿಕೊಂಡವರು ಮಾತ್ರ ನಾವು.

"ಊರಿಗೆ ಯಾವಾಗ ಬರ್ತೀರಿ?" ಅರ್ಚನಾ ಕೇಳಿದಳು.

ಮಾಳುವಿನ ತಾಯಿ ಫಕೀರವ್ವ ಮಗನ ಅಂಗಿ ಜಗ್ಗಿದಳು. ಆದರೂ ಅವನು ಸುಳ್ಳು ಹೇಳಲಿಲ್ಲ. "ವರ್ಷಕ್ಕೊಂದ ತಿಂಗಳ. ಕೆಲಸ ಇನ್ನೂ ಎರಡ ವರ್ಷ ಐತಿ."

"ಹಂಗಾರ ನಾ ನಿಮ್ಮ ಮನಿಗೆ ಬಂದು ಯಾರ ಮಾರಿ ನೋಡ್ಲಿ? ಇಲ್ಲೇ ಕುರಿ ನೋಡಕೊಂಡ ಇರ್ತೇನಿ. ನೀವ ಇಲ್ಲಿಗೆ ಬರ್ರಿ. ಕೆಲಸ ಮುಗದ ಮ್ಯಾಲೂ ಇಲ್ಲೇ ಇರಬೇಕು. ಆಗತೈತಿ ಅಂದ್ರ ನನಗ ಒಪ್ಪಿಗಿ."

ಮನೆಅಳಿಯನಾಗಿ ಹೋದ ಗಂಡಸನ್ನು ನಮ್ಮ ಕಡೆಯ ಚಹಾದಂಗಡಿಗಳು ಸಾಯುವತನಕ ಬಿಡುವುದಿಲ್ಲ. ಫಕೀರವ್ವ ಸೆರಗು ಕೊಡವಿ ಎದ್ದಳು. "ಹೆಣ್ಣ ಕೇಳಾಕ ಬಂದ್ರ, ಗಂಡನ್ನ ಇಲ್ಲೇ ಬಿಟ್ಟ ಹೋಗ್ರಿ ಅಂತಾಳಲ್ಲೋ ಇಕಿ!"

ಮಾಳು ತಾಯಿಯ ಮುಖ ನೋಡಲಿಲ್ಲ. ಬೀರಸಿದ್ದಪ್ಪನ ಕಡೆ ತಿರುಗಿ, "ಕುರಿ ಎಲ್ಲಿ ಅದಾವ, ತೋರಸ್ರಿ ಮಾವಾರ," ಎಂದು ಚಪ್ಪಲಿ ಮೆಟ್ಟಿದ.