ಆರು ಹೊಡೆದ ಮೇಲೆ ಮದುವೆ

ಸಿರುಗುಪ್ಪದ ಹಳೆಯ ಕಾಲುವೆಯ ಪಕ್ಕದ ಗದ್ದೆ. ಬೆಳಕು ಪೂರ್ತಿ ಹರಿದಿಲ್ಲ. ಹುಲುಗಪ್ಪ, ಜಂಬಮ್ಮ ಕೆಸರಿನಲ್ಲಿ ಬಾಗಿ ನಾಟಿ ಮಾಡುತ್ತಿದ್ದಾರೆ. ಇವತ್ತು ಇವರ ಮದುವೆ. ಮದುವೆ ಮಾಡಿಸಬೇಕಾದ ಕ್ರೈಸ್ತ ಉಪದೇಶಿ ಸುಂಕಣ್ಣ ಬದುವಿನ ಮೇಲೆ ಚಪ್ಪಲಿ ಕಳಚಿಟ್ಟು, ಗಡಿಯಾರ ನೋಡುತ್ತ ನಿಂತಿದ್ದಾರೆ.

"ಆರು ಹೊಡೀಲಿ. ಅದಕ್ಕೂ ಮೊದಲು ಬಾಯಿ ತಗದ್ರ ನಾನು ಕಳ್ಳ," ಅನ್ನುತ್ತಾರೆ.

ಕ್ರೈಸ್ತರ ಮದುವೆ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಆಗಬೇಕೆಂಬುದು ಕಾನೂನು. ಮಾಡಿಸುವವರಿಗೆ ಸರ್ಕಾರದ ಪರವಾನಗಿ ಬೇಕು. ನಂಬತಕ್ಕ ಇಬ್ಬರು ಸಾಕ್ಷಿಗಳೂ ಬೇಕು. ಹೊತ್ತು ಮೀರಿ ಮಾಡಿಸಿದವರಿಗೆ ಜೈಲು. ಆದರೆ ಆ ಹೊತ್ತೆಲ್ಲ ಗದ್ದೆಯ ಧಣಿಯದು. ನಾಟಿ ಮುಗಿಯುವವರೆಗೆ ಬಿಡುವಿಲ್ಲ, "ರಾತ್ರಿ ಮಾಡ್ಕೊಳ್ಳಿ, ಯಾರು ಬ್ಯಾಡಂದ್ರು?" ಎಂದು ಧಣಿ ಹೇಳಿ ಕಳಿಸಿದ್ದಾನೆ. ರಾತ್ರಿ ಮಾಡಿಸಿದರೆ ಸುಂಕಣ್ಣನವರ ಪರವಾನಗಿ ಹೋಗುತ್ತದೆ. ಈ ಸೀಮೆಯ ಕೇರಿಗಳಿಗೆ ಬೇರೆ ಉಪದೇಶಿಯಿಲ್ಲ. ಧಣಿಗೆ ಅದೂ ಗೊತ್ತು.

ಸುಂಕಣ್ಣ ಬಾದನಹಟ್ಟಿಯವರು. ಎಮ್ಮೆ ಕಾಯುತ್ತಿದ್ದವರು ಬಳ್ಳಾರಿಯ ಮಿಷನ್ ಶಾಲೆ ಸೇರಿದರು. ಈಗ ಕುರುಗೋಡಿನಿಂದ ಹಚ್ಚೊಳ್ಳಿಯವರೆಗೆ ಕೇರಿ ಕೇರಿ ನಡೆಯುತ್ತಾರೆ. ಹುಡುಗಿಯ ವಯಸ್ಸು ಕೇಳುತ್ತಾರೆ, ಹುಡುಗನಿಗೆ ಮೊದಲ ಹೆಂಡತಿ ಇದ್ದಾಳೆಯೇ ಎಂದು ವಿಚಾರಿಸುತ್ತಾರೆ. ಇದನ್ನೆಲ್ಲ ಬರೆದುಕೊಳ್ಳಲು ಬಂದ ನನಗೆ ಹೇಳುತ್ತಾರೆ: "ನಮ್ಮವ್ವನ ಮದುವಿ ಧಣಿ ಕೊಟ್ಟಿಗಿ ಹಿಂದ, ಕೆಲಸ ಮುಗಿದ ಮ್ಯಾಲೆ ಆತ್ರಿ. ಗಂಡನ ಮಾರಿ ಮರುದಿನ ನೋಡಿದ್ಲು. ನಮ್ಮ ಮಂದಿದು ಮದುವೀನೂ ಕತ್ತಲಾಗ, ಹೆಣಾನೂ ಕತ್ತಲಾಗ."

ಆರಾಗುತ್ತದೆ. ಸುಂಕಣ್ಣ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿಯುತ್ತಾರೆ. ಧಣಿಯ ಮೇಸ್ತ್ರಿ ಚಂದ್ರಣ್ಣ ಓಡಿ ಬರುತ್ತಾನೆ.

"ಏನಲೇ ಸುಂಕ್ಯಾ, ಧಣಿ ಗದ್ದಿ ಅಂದ್ರ ನಿನ್ನ ಗುಡಿ ಅಂದ್ಕೊಂಡೀಯೇನು?"

"ಜಾಗ ಯಾವುದಂತ ನನ್ನ ಪರವಾನಗಿ ಕೇಳೂದಿಲ್ಲ, ಚಂದ್ರಣ್ಣ. ಬಾ, ನೀನೂ ಸಾಕ್ಷಿ ಆಗು."

ನಾಟಿಯ ಸಾಲಿನಿಂದ ದೊಡ್ಡಬಸಮ್ಮ ಮುಂದೆ ಬರುತ್ತಾರೆ. ಇವರು ಕ್ರೈಸ್ತರಲ್ಲ. "ನಾ ಸಾಕ್ಷಿ. ಕಣ್ಣಾಗ ನೋಡಿದ್ದು ಹೇಳಾಕ ಯಾ ದೇವರಾದ್ರೇನು?" ಪಕ್ಕದಲ್ಲಿ ಪಾರಮ್ಮ ಬಂದು ನಿಲ್ಲುತ್ತಾರೆ.

"ಕೂಲಿ ಹೆಂಗಸ್ರ ಮಾತು ಯಾರು ನಂಬ್ತಾರಲೇ?" ಮೇಸ್ತ್ರಿ ನಗುತ್ತಾನೆ.

"ಈ ಗದ್ದಿಗಿ ಎಷ್ಟು ಕಟ್ಟು ಸಸಿ ಬೇಕಂತ ಬಸಮ್ಮ ಹೇಳಿದ್ರ ನಿಮ್ಮ ಧಣಿ ನಂಬ್ತಾನಲ್ಲ. ಕೋರ್ಟೂ ನಂಬ್ತೈತಿ," ಅನ್ನುತ್ತಾರೆ ಸುಂಕಣ್ಣ.

ಹುಲುಗಪ್ಪ ಗಟ್ಟಿಯಾಗಿ ಹೇಳುತ್ತಾನೆ: "ಇಲ್ಲಿರೋ ಮಂದಿ ಸಾಕ್ಷಿ. ದೇವರ ಮುಂದ ಈಕೀನ್ನ ಹೆಂಡ್ತಿ ಅಂತ ಒಪ್ಪೀನಿ." ಜಂಬಮ್ಮ ಅದಕ್ಕಿಂತ ಗಟ್ಟಿಯಾಗಿ ಹೇಳುತ್ತಾಳೆ. ಇಬ್ಬರೂ ಮತ್ತೆ ಸಸಿ ಹಿಡಿಯುತ್ತಾರೆ.

ಮಧ್ಯಾಹ್ನ ಧಣಿಯ ಮಾತು ಬರುತ್ತದೆ: ಗಂಡ ಹೆಂಡತಿ ನಾಳೆಯಿಂದ ಬರಬೇಕಿಲ್ಲ. ದೊಡ್ಡಬಸಮ್ಮ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು ಬದು ಹತ್ತುತ್ತಾರೆ. ಹಿಂದೆಯೇ ಸಾಲಿನ ಹೆಂಗಸರೆಲ್ಲ ಹತ್ತುತ್ತಾರೆ. ಗದ್ದೆ ಇನ್ನೂ ಅರ್ಧ ಖಾಲಿ, ಕಿತ್ತ ಸಸಿ ಬಾಡುತ್ತಿದೆ. ಹೊತ್ತು ಮುಳುಗುವ ಮುಂಚೆ ಮೇಸ್ತ್ರಿ ಕೇರಿಗೆ ಬಂದು, ನಾಳೆ ಎಲ್ಲರೂ ಬರಬೇಕಂತೆ, ಹೊಸ ಜೋಡಿಯೂ, ಎಂದು ಹೇಳಿ ಹೋಗುತ್ತಾನೆ.

ಸುಂಕಣ್ಣ ಹಚ್ಚೊಳ್ಳಿಯ ದಾರಿ ಹಿಡಿಯುತ್ತಾರೆ. ಅಲ್ಲೊಂದು ಮದುವೆ ಕಾದಿದೆ, ಅಲ್ಲೂ ಒಬ್ಬ ಧಣಿಯಿದ್ದಾನೆ. ಹೊರಡುವಾಗ ನನ್ನತ್ತ ತಿರುಗುತ್ತಾರೆ.

"ನನ್ನ ಹೆಸರು ಬರೀದಿದ್ರೂ ನಡೀತೈತ್ರಿ. ಮದುವಿ ಹಗಲಾಗ ಆತು, ಎಲ್ಲಾರೂ ನೋಡಿದ್ರು ಅಂತ ಬರೀರಿ."