ಸುವರ್ಣಾ ಮಾಡಿಸಿದ ಸನ್ಮಾನ

ಭೂಸನೂರಿನ ಸುವರ್ಣಾ ಬಾಯಿಮುಚ್ಚಿ ಕೂತದ್ದನ್ನು ಕಂಡವರಿಲ್ಲ. ರೊಟ್ಟಿ ಬಡಿಯುತ್ತಲೇ ಓಣಿಯ ನಾಲ್ಕು ಮಂದಿಯ ನಡಿಗೆ, ಕೆಮ್ಮು, ಕೊಂಕು ಎಲ್ಲವನ್ನೂ ಮಾಡಿ ತೋರಿಸುವ ಹೆಂಗಸು. ತವರೂರು ಅಂದೋಲಾದಲ್ಲಿ "ಈ ಹುಡುಗಿ ಗಂಡನ ಮನೆಯಲ್ಲಿ ಹೇಗೆ ಬಾಳುತ್ತಾಳೋ" ಎಂದು ಮರುಗಿದವರಿಗೆ ಲೆಕ್ಕವಿಲ್ಲ. ಅವರೆಲ್ಲ ಈಗ ಆಳಂದದ ಕಡೆ ಬಂದು ನೋಡಬೇಕು. ಭಾನುವಾರ ಸಂಜೆಯಾದರೆ ಸಾಕು, ಸಲಾವುದ್ದೀನನ ಕೇಬಲ್ ಟಿವಿಯಲ್ಲಿ 'ಓಣ್ಯಾಗಿನ ಉಸಾಬರಿ' ಬರುತ್ತದೆ. ಅದನ್ನು ಬರೆಯುವವಳು, ಮೊಬೈಲಿನಲ್ಲಿ ಹಿಡಿಯುವವಳು, ಆಡಿಸುವವಳು ಎಲ್ಲ ಸುವರ್ಣಾಳೇ.

ಆಡುವವರು ನಾಲ್ಕು ಜನ. ಬಳೆ ಮಾರುವ ಖುರ್ಷಿದಬೇಗಂ, ಅಂಗನವಾಡಿಯ ಪಂಚಶೀಲಾ, ಕಿರಾಣಿ ಅಂಗಡಿಯ ಧರ್ಮಣ್ಣ, ಮತ್ತು ಸುವರ್ಣಾಳ ಮಾವ ರೇವಣಪ್ಪ. ಕಥೆಯಲ್ಲಿಯೂ ಈ ನಾಲ್ವರು ಗೆಳೆಯರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎಂದೂ ಸರಿಯಾಗಿ ತಿಳಿದುಕೊಂಡವರಲ್ಲ. ರೇವಣಪ್ಪ ಆಯುಷ್ಯವೆಲ್ಲ ಕುರಿ ಕಾಯ್ದವನು. ಕ್ಯಾಮೆರಾ ಎದುರು ಅವನು ನಟಿಸುವುದೇ ಇಲ್ಲ. ಇದ್ದಹಾಗೆ ಇರುತ್ತಾನೆ, ಊರು ಬಿದ್ದು ಬಿದ್ದು ನಗುತ್ತದೆ.

ಆದರೆ ಈ ನಗುವಿಗೆ ಒಂದು ಷರತ್ತಿತ್ತು. ರೇವಣಪ್ಪನ ಅಕ್ಕ ರೇವಮ್ಮ ಕೊಳಕೂರಿನಲ್ಲಿದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಅವಳು ಹಾಕಿದ ಗೆರೆಯನ್ನು ಆ ಮನೆಯಲ್ಲಿ ಯಾರೂ ದಾಟುವುದಿಲ್ಲ. ಸೊಸೆ ಟಿವಿಗೆ ಆಟ ಮಾಡಿಸುತ್ತಾಳೆಂದು ಕೇಳಿದ ದಿನವೇ ಅವಳು ಹೇಳಿಬಿಟ್ಟಿದ್ದಳು: "ಮಂದೀನ ನಗಸು, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಮನಿ ನೋಡಿ ಮಂದಿ ನಕ್ಕ ದಿನ ಇದೆಲ್ಲ ಬಂದ್ ಮಾಡಬೇಕು, ನೋಡು." ಸುವರ್ಣಾ ಹೂಂ ಅಂದಿದ್ದಳು. ಅಂದಿನಿಂದ ಆ ಮಾತು ಅವಳ ಎದೆಯ ಮೇಲೆ ಬೀಸುಕಲ್ಲಿನ ಹಾಗೆ ಕೂತಿತ್ತು.

ಆ ಸಲದ ಕಥೆ ಸನ್ಮಾನದ್ದು. ಊರಲ್ಲಿ ಯಾರಿಗೋ ಸನ್ಮಾನವಿದೆ ಎಂದು ಸುದ್ದಿ. ಖುರ್ಷಿದಬೇಗಂ ಅದು ಪಂಚಶೀಲಾಗೆ ಅಂದುಕೊಳ್ಳುತ್ತಾಳೆ, ಪಂಚಶೀಲಾ ಧರ್ಮಣ್ಣನಿಗೆ ಅಂದುಕೊಳ್ಳುತ್ತಾಳೆ, ಧರ್ಮಣ್ಣನಿಗಂತೂ ಅದು ತನಗೇ ಎಂಬ ಖಾತ್ರಿ. ಎಲ್ಲರೂ ಗುಟ್ಟಾಗಿ ಮಾಲೆ ತರುತ್ತಾರೆ. ಕೊನೆಗೆ ತಪ್ಪಿಸಿಕೊಂಡ ಆಡು ಹುಡುಕುತ್ತ ಬಂದ ರೇವಣಪ್ಪನ ಕೊರಳಿಗೆ ಮಾಲೆಗಳೆಲ್ಲ ಬೀಳುತ್ತವೆ. ಇದಿಷ್ಟನ್ನು ಹಿಡಿಯಲು ಬೆಳಗಿನಿಂದ ಒದ್ದಾಟ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು ನಿಲ್ಲಬೇಕು, ಸನ್ಮಾನಕ್ಕೆಂದು ಕರೆಸಿದ ಭಜನೆಯವರ ತಾಳ ಕೂಡಬೇಕು, ಧರ್ಮಣ್ಣನಿಗೆ ಮಾತು ನೆನಪಾಗಬೇಕು.

ಹಣೆತುಂಬ ಭಂಡಾರದ ಅರಿಶಿನ ಬಳಿದುಕೊಂಡು, ಕೊರಳತುಂಬ ಚೆಂಡುಹೂವಿನ ಮಾಲೆ ಹಾಕಿಕೊಂಡು, ಗೋಡೆಗೆ ಒರಗಿ ಕೂತ ರೇವಣಪ್ಪನಿಗೆ ಬಿಸಿಲಿಗೆ ಜೊಂಪು ಹತ್ತಿತು. ಪಕ್ಕದಲ್ಲಿ ಭಜನೆ ನಡೆದೇ ಇತ್ತು. ಧರ್ಮಣ್ಣ ಪ್ರೀತಿಯಿಂದ ಒಂದು ಫೋಟೊ ಹೊಡೆದು, ಕೈಮುಗಿದ ಚಿತ್ರವನ್ನೂ ಸೇರಿಸಿ ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ.

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ಭಂಡಾರ ಬಳಿದು, ಮಾಲೆ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಮುಂದೆ ಭಜನೆ ಮಾಡುತ್ತಾರೆ. ಧರ್ಮಣ್ಣನ ಬೀಗರು ಕೊಳಕೂರಿನವರು. ಆ ಫೋಟೊ ನೋಡಿದವರಿಗೆ ಬೇರೆ ಯಾವ ಮಾತೂ ಬೇಕಾಗಲಿಲ್ಲ. ಹೋಗಿ ರೇವಮ್ಮನ ಮಗ ಪೀರಪ್ಪನಿಗೆ ತೋರಿಸಿದರು. ಪೀರಪ್ಪ ಫೋನ್ ಮಾಡಿದ. ಸುವರ್ಣಾಳ ಮೊಬೈಲಿನಲ್ಲಿ ಶೂಟಿಂಗ್ ನಡೆದಿತ್ತು, ಕರೆ ಬರದ ಹಾಗೆ ಬಂದ್ ಮಾಡಿದ್ದಳು. ಅವಳ ಗಂಡ ಮಾಳಿಂಗ ಟ್ರ್ಯಾಕ್ಟರ್ ಮೇಲಿದ್ದ, ಅವನಿಗೆ ರಿಂಗೇ ಕೇಳಿಸಲಿಲ್ಲ. ಎತ್ತದ ಫೋನು ಸಾವಿನ ಸುದ್ದಿಯನ್ನು ಇನ್ನಷ್ಟು ಗಟ್ಟಿ ಮಾಡಿತು.

ಹೊತ್ತು ಇಳಿಯುವಾಗ ಓಣಿಯ ತಿರುವಿನಲ್ಲಿ ಒಂದು ಕ್ರೂಸರ್ ಜೀಪು ನಿಂತಿತು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಬುಟ್ಟಿತುಂಬ ಜೋಳದ ರೊಟ್ಟಿ, ಝುಣಕದ ಬುತ್ತಿ ಹೊತ್ತು ಹೆಂಗಸರು ಇಳಿದರು. ಮುಂದೆ ರೇವಮ್ಮ, ಎದೆ ಬಡಿದುಕೊಳ್ಳುತ್ತ. "ನನ್ನ ತಮ್ಮಾ... ಕುರಿ ಹಿಂದ ಅಡವಿ ತಿರುಗಿ ನನ್ನ ಮಕ್ಕಳ ಮೈಗಿ ಅರಿವಿ ಹಾಕಿದ್ಯೋ... ನೀ ಇದ್ದಾಗ ಒಬ್ಬರರೆ ನಿನ್ನ ಕೊಳ್ಳಾಗ ಒಂದು ಮಾಲಿ ಹಾಕಲಿಲ್ಲಲ್ಲೋ..."

ರೇವಣಪ್ಪ ಅಷ್ಟರಲ್ಲಿ ಎದ್ದು, ಅದೇ ಮಾಲೆಗಳಲ್ಲಿ ಓಣಿಯ ಆ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ. ಮಾತು ತಿಳಿಯದಿದ್ದರೂ ಅಕ್ಕನ ಗೋಳು ಕಿವಿಗೆ ಬಿದ್ದದ್ದೇ ತಡ, ಕೊಳಕೂರಿನಲ್ಲಿ ಭಾವ ತೀರಿಕೊಂಡನೆಂದೇ ಅವನು ತಿಳಿದ. "ಅಕ್ಕಾ! ಎಂಥಾ ಕೆಲಸ ಆತಬೇ!" ಎಂದು ಓಡಿಬಂದು ಅವಳನ್ನು ತಬ್ಬಿಕೊಂಡ. ಕಣ್ಣೀರಿನಲ್ಲಿ ಅವಳಿಗೆ ಮುಖ ಕಾಣಲಿಲ್ಲ. ಇಬ್ಬರೂ ಅತ್ತರು. ಅವಳು ಅವನಿಗಾಗಿ, ಅವನು ಅವಳ ಗಂಡನಿಗಾಗಿ.

"ಭಾವಗ ಏನಾಗಿತ್ತಬೇ?" ಎಂದ ರೇವಣಪ್ಪ.

"ಅವನಿಗೇನ್ ಧಾಡಿ? ಹೊಲಕ್ಕ ಹೋಗ್ಯಾನ," ಎಂದು ರೇವಮ್ಮ ತಲೆ ಎತ್ತಿ ನೋಡಿದಳು. ಚೆಂಡುಹೂವಿನ ನಡುವೆ ತಮ್ಮನ ಮುಖ, ತುಟಿಯಲ್ಲಿ ಬೀಡಿ. ಅವಳು ಚಿಟ್ಟನೆ ಚೀರಿದಳು.

ಮೊದಲು ನಕ್ಕವಳು ಖುರ್ಷಿದಬೇಗಂ. ಆಮೇಲೆ ಭಜನೆಯವರು, ಆಮೇಲೆ ಮಾಳಿಗೆ ಮೇಲೆ ನಿಂತವರು. ಇಡೀ ಓಣಿ ಹೊಟ್ಟೆ ಹಿಡಿದುಕೊಂಡಿತು. ನಗದೆ ನಿಂತವಳು ಸುವರ್ಣಾ ಒಬ್ಬಳೇ. ಮಂದಿ ತಮ್ಮ ಮನೆ ನೋಡಿ ನಗುವ ದಿನ ಬಂದೇಬಿಟ್ಟಿತಲ್ಲ! ಅವಳು ನೆಟ್ಟಗೆ ಹೋಗಿ ಮೊಬೈಲನ್ನು ರೇವಮ್ಮನ ಮುಂದೆ ಇಟ್ಟಳು.

"ತಪ್ಪಾತ್ರಿ ಅತ್ತಿ. ಮಾತು ಕೊಟ್ಟಿದ್ದೆ. ಇವತ್ತಿಗಿ ಬಿಟ್ಟೆ."

ರೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಸುತ್ತ ನಿಂತವರನ್ನು ಒಂದು ಸಲ ನೋಡಿದಳು. "ಇವನಿಗಿ ಯಾಕ ಹಾಕ್ಸೀದಿ ಈ ಮಾಲಿ?"

ಸುವರ್ಣಾ ತಡವರಿಸಿದಳು. "ಯಾರಿಗರೆ ಹಾಕಸಬೇಕಿತ್ರಿ. ಧರ್ಮಣ್ಣಗ ಅಂತ ಕತಿ ಚಾಲೂ ಮಾಡಿದ್ದೆ. ಆದ್ರ ಈ ಓಣ್ಯಾಗ ಖರೇನೇ ಮಾಲಿ ಹಾಕುವಂಥ ಮನಷ್ಯಾ ಯಾರು ಅಂತ ವಿಚಾರ ಮಾಡಿದ್ರ, ಮಾಮಾನ ಬಿಟ್ಟು ನನಗ ಯಾರೂ ಕಾಣಲಿಲ್ರಿ."

ರೇವಮ್ಮ ತಮ್ಮನ ಕೊರಳ ಮಾಲೆಯನ್ನು ಮುಟ್ಟಿ ನೋಡಿದಳು. "ಗಾಡ್ಯಾಗ ಬರೂಮುಂದ ಅದೇ ಒಂದು ಮಾತು ಆಡಿ ಆಡಿ ಅತ್ತೇನಿ ನೋಡು. ನನ್ನ ತಮ್ಮಗ ಬದುಕಿದ್ದಾಗ ಯಾರೂ ಮಾನ ಮಾಡಲಿಲ್ಲ ಅಂತ. ನಮ್ಮ ವಂಶದಾಗ ಜೀವಂತ ಇದ್ದವರಿಗಿ ಮಾಲಿ ಬಿದ್ದಿದ್ದು ನಾ ಕಂಡಿಲ್ಲ. ನಾ ಅಕ್ಕ ಆಗಿ ಮಾಡಲಾರದ್ದು ನೀ ಮಾಡೀದಿ. ನಕ್ಕರ ನಗಲಿ ಬಿಡು. ಎತ್ತು ನಿನ್ನ ಮೊಬೈಲ."

ಸುವರ್ಣಾಳಿಗೆ ಅಳು ತಡೆಯಲಾಗಲಿಲ್ಲ. ರೇವಣಪ್ಪ ಮಾತ್ರ ಬುತ್ತಿಯ ಗಂಟು ಬಿಚ್ಚಿ ಕೂತಿದ್ದ, ಬೆಳಗಿನಿಂದ ಹೊಟ್ಟೆಗಿರಲಿಲ್ಲ. "ಸತ್ತ ಸುದ್ದಿ ಬಂದ್ರ ಆಯುಷ್ಯ ಹೆಚ್ಚತದಂತ," ಎನ್ನುತ್ತ ತನ್ನ ಸಾವಿಗೆ ಬಂದ ರೊಟ್ಟಿಯನ್ನು ತಾನೇ ಝುಣಕದೊಡನೆ ಸವಿದ. ಉಳಿದವರೂ ಸುತ್ತ ಕೂತು ಕೈಹಾಕಿದರು.

ಕೊಳಕೂರಿಗೆ ಆಳಂದದ ಕೇಬಲ್ ಬರುವುದಿಲ್ಲ. ಹಾಗಾಗಿ ರೇವಮ್ಮ ಭಾನುವಾರದವರೆಗೆ ಭೂಸನೂರಿನಲ್ಲೇ ಉಳಿದಳು. ಅಂದು ಸಂಜೆ ಮನೆತುಂಬ ಮಂದಿ. ಮಾಲೆಯ ಮೇಲೆ ಮಾಲೆ ಬಿದ್ದು ರೇವಣಪ್ಪ ಕಣ್ಣು ಕಣ್ಣು ಬಿಟ್ಟಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆಟ ಮುಗಿದು ಪರದೆಯ ಮೇಲೆ ಅಕ್ಷರ ಬಂದವು. ಓದು ಬಾರದ ರೇವಮ್ಮ ಪಕ್ಕದಲ್ಲಿದ್ದ ಪಂಚಶೀಲಾಳನ್ನು ತಿವಿದಳು. "ಏನ್ ಬರದಾರಬೇ?"

"ಬರೆದು ಮಾಡಿಸಿದವರು ಸುವರ್ಣಾ, ಭೂಸನೂರ ಅಂತ ಅದರಿ ಆಯಿ."

ರೇವಮ್ಮ ಬಾಗಿಲಲ್ಲಿ ನಿಂತ ಸುವರ್ಣಾಳ ಕಡೆ ತಿರುಗಿದಳು. "ಬರೇ ಭೂಸನೂರ ಅಂದ್ರ ಯಾರಿಗಿ ಗೊತ್ತಾಗತದ? ಮುಂದಿನ ಸಲ ಪೂರಾ ಬರಿ. ಕೊಳಕೂರ ರೇವಮ್ಮನ ಸೊಸಿ ಅಂತ."